ಕಾಲ್ಚೆಂಡಿನ ಮಾಸ್ತರರು: ರಹೀಮ್ ಸಾಹೇಬರು

ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ಹೈದರಾಬಾದಿನ ಮಾತು ಬಂದರೆ ನಿಜಾಮರ ಆಳ್ವಿಕೆ, ರಜಾಕಾರರ ಹಾವಳಿ, ಉರ್ದು ಶಾಲೆ, ಇವಿಷ್ಟೇ ಹಿರಿಯರ ಬಾಯಲ್ಲಿ ಬರುತ್ತವೆ. 1956ರ ನವೆಂಬರ್ 1ರವರೆಗೆ ನಾವು ಸೇರಿದ್ದ ಆ ರಾಜ್ಯದ ರಾಜಧಾನಿಯಲ್ಲಿ ಒಬ್ಬ ಶಾಲಾ ಮಾಸ್ತರರು ಇಡೀ ಭಾರತಕ್ಕೆ ಕಾಲ್ಚೆಂಡಾಟದ ಪಾಠ ಹೇಳಿದರೆಂಬ ಸಂಗತಿ ನಮ್ಮ ಮಿತ್ರರಲ್ಲಿ ಬಹುಮಂದಿಗೆ ತಿಳಿಯದು. ವಾಲಿಬಾಲ್, ಕಬಡ್ಡಿ ಬಿಟ್ಟರೆ ನಮಗೆ ಕ್ರಿಕೆಟ್ಟೇ ಸರ್ವಸ್ವ. ಸಿಂಧನೂರಿನ ಬಂಗಾಳಿ ಕ್ಯಾಂಪುಗಳ ಹುಡುಗರು ಕಾಲ್ಚೆಂಡು ಆಡುವುದನ್ನು ಕಂಡಿದ್ದೇನೆ. ಅದು ಕಲ್ಕತ್ತೆಯ ಕಡೆಯವರ ಆಟವೆಂದು ನಾವು ಅವರಿಗೇ ಬಿಟ್ಟುಕೊಟ್ಟಂತಿದೆ.

ಸೈಯದ್ ಅಬ್ದುಲ್ ರಹೀಮರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಮಾಸ್ತರಿಕೆಗೆ ಸೇರಿದರು. ತಾವೂ ಆಡಿದವರೇ, ಆದರೆ ಅವರ ಕೀರ್ತಿ ಬಂದದ್ದು ಆಡಿಸಿದ್ದರಿಂದ. ತರಗತಿಯ ಕ್ರಮವನ್ನೇ ಅವರು ಮೈದಾನಕ್ಕೆ ಒಯ್ದರು. ಬಲಗಾಲು ಬಲ್ಲವನು ಎಡಗಾಲಿನಿಂದಲೇ ಒದೆಯಬೇಕೆಂಬ ಪಂದ್ಯಗಳನ್ನು ಏರ್ಪಡಿಸಿದರು. ಚೆಂಡನ್ನು ತನ್ನ ಕಾಲಲ್ಲೇ ಆಡಿಸುತ್ತ ನಿಲ್ಲದೆ ಕೂಡಲೇ ಜೊತೆಯವನಿಗೆ ದಾಟಿಸಬೇಕೆಂದು ಕಟ್ಟುಮಾಡಿದರು. ಲೆಕ್ಕದಲ್ಲಿ ಹಿಂದಿದ್ದ ನನ್ನಂಥವರಿಂದ ಲೆಕ್ಕವನ್ನೇ ಹೆಚ್ಚು ಮಾಡಿಸುತ್ತಿದ್ದ ಮಾಸ್ತರರನ್ನು ನಾನೂ ಕಂಡವನಾದ್ದರಿಂದ ಈ ಉಪಾಯದ ರುಚಿ ನನಗೆ ಗೊತ್ತು. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಮಾಸ್ತರನೊಬ್ಬನಿಂದ ಏನಾಗುತ್ತದೆಂದು ಕೇಳುವವರ ಮಾತು ನನಗೆ ರುಚಿಸುವುದಿಲ್ಲ.

ಅವರು ತರಬೇತು ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಐದು ವರ್ಷ ಒಂದೇ ಸಮನೆ ಗೆದ್ದಿತು. ಭಾರತ ತಂಡವೂ ಅವರ ಕೈಗೆ ಬಂದು, 1951ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳಲ್ಲಿ ಇರಾನನ್ನು ಒಂದು ಗೋಲಿನಿಂದ ಸೋಲಿಸಿ ಚಿನ್ನದ ಪದಕ ಪಡೆಯಿತು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದ ಎದುರು 10-1ರ ಸೋಲು! ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ನಮ್ಮವರಲ್ಲಿ ಹಲವರು ಆ ಚಳಿಯ ನಾಡಿನಲ್ಲಿ ಬರಿಗಾಲಲ್ಲಿ ಆಡಿದ್ದರು. ಅಲ್ಲಿಂದ ಮುಂದೆ ಬೂಟು ಕಡ್ಡಾಯವಾಯಿತು. ಸೋತ ಮಾಸ್ತರರು ಕೈಚೆಲ್ಲಿ ಕೂರಲಿಲ್ಲ.

1956ರ ಡಿಸೆಂಬರ್ 1ರಂದು ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತವು ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿ ಅಂದಿಗೆ ಸರಿಯಾಗಿ ಒಂದು ತಿಂಗಳು. ಆ ತಂಡದಲ್ಲಿ ಅಜೀಜುದ್ದೀನ್, ನೂರ್ ಮೊಹಮ್ಮದ್, ಬಲರಾಮ್ ಮುಂತಾದ ಹೈದರಾಬಾದಿನವರೂ ಇದ್ದರು, ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಹಳೆಯ ರಾಜಧಾನಿಯ ಲೆಕ್ಕದಿಂದಲೂ ಹೊಸ ರಾಜಧಾನಿಯ ಲೆಕ್ಕದಿಂದಲೂ ಅವರು ನಮ್ಮವರೇ. ಆದರೂ ಎರಡು ಲೆಕ್ಕದಲ್ಲಿಯೂ ನಾವು ಅವರನ್ನು ಬರೆದುಕೊಂಡಿಲ್ಲ. ಭಾರತಕ್ಕೆ ಅಂದು ದೊರೆತ ನಾಲ್ಕನೆಯ ಸ್ಥಾನ ಒಲಿಂಪಿಕ್ ಕಾಲ್ಚೆಂಡಿನಲ್ಲಿ ಮತ್ತೆ ದೊರೆತಿಲ್ಲ.

ಆದರೆ ರಹೀಮರ ಗುಣವನ್ನು ನಿಜವಾಗಿ ತಿಳಿಯಬೇಕಾದರೆ 1962ರ ಜಕಾರ್ತದ ಏಷ್ಯನ್ ಕ್ರೀಡೆಗಳನ್ನು ನೋಡಬೇಕು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯದ ಎದುರು 2-0ರ ಸೋಲಾಯಿತು. ಥಾಯ್ಲೆಂಡಿನ ಮೇಲಿನ ಪಂದ್ಯದಲ್ಲಿ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ಜರ್ನೈಲರು ಗೋಡೆಯಂಥ ಬ್ಯಾಕ್ ಆಟಗಾರರು. ಎದುರಾಳಿಯನ್ನು ತಡೆಯುವುದೇ ಅವರ ಕೆಲಸ. ಅಂಥವರನ್ನು ಗಾಯಕ್ಕೆ ಪಟ್ಟಿ ಕಟ್ಟಿಸಿ ವಿಶ್ರಾಂತಿಗೆ ಕಳಿಸುವುದು ಯಾರಿಗಾದರೂ ಹೊಳೆಯುವ ದಾರಿ. ರಹೀಮರು ಅವರನ್ನು ಸೆಮಿಫೈನಲಿನಲ್ಲಿ ಮುಂದಿನ ಸಾಲಿಗೆ, ಗೋಲು ಹೊಡೆಯುವ ಜಾಗಕ್ಕೆ ಕಳಿಸಿದರು! ದಕ್ಷಿಣ ವಿಯಟ್ನಾಮಿನ ಮೇಲೆ ಜರ್ನೈಲರು ಗೋಲು ಹೊಡೆದರು, ಭಾರತ 3-2ರಿಂದ ಗೆದ್ದಿತು. ಇಸ್ರೇಲ್ ಮತ್ತು ತೈವಾನ್‌ಗಳಿಗೆ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಸೋಂಧಿಯವರು ಖಂಡಿಸಿದ್ದರಿಂದ ಅಲ್ಲಿಯ ಜನ ನಮ್ಮ ಮೇಲೆ ಕೆರಳಿದ್ದರು. ಸೆಪ್ಟೆಂಬರ್ 4ರ ಫೈನಲಿನಲ್ಲಿ ಮತ್ತೆ ಅದೇ ಕೊರಿಯ. ಆ ಜನರ ಕೂಗಿನ ನಡುವೆ ಪಿ. ಕೆ. ಬ್ಯಾನರ್ಜಿಯವರದೊಂದು ಗೋಲು, ಹೊಲಿಗೆ ಹಾಕಿದ ತಲೆಯ ಆ ಬ್ಯಾಕ್ ಆಟಗಾರರದೊಂದು ಗೋಲು, 2-1. ತನಗೆ ಗೊತ್ತುಮಾಡಿದ ಜಾಗದಾಚೆಗೂ ಒಬ್ಬನಿಂದ ಏನಾದೀತೆಂದು ಊಹಿಸಬಲ್ಲ ಕಣ್ಣು ಎಲ್ಲ ಮಾಸ್ತರರಿಗೂ ಇರುವುದಿಲ್ಲ.

ಮರುವರ್ಷ, 1963ರ ಜೂನ್ 11ರಂದು, ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗಾಗ 53 ವರ್ಷ. 1970ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡೆಗಳಲ್ಲಿ ಭಾರತಕ್ಕೆ ಕಂಚು ಬಂದಾಗ ತಂಡದ ನಾಯಕ ಸೈಯದ್ ನಯೀಮುದ್ದೀನ್ ಹೈದರಾಬಾದಿನವರೇ, ಅವರೂ ಬ್ಯಾಕ್ ಆಟಗಾರರೇ. ಚಿನ್ನ ಮಾತ್ರ ಇಂದಿನವರೆಗೂ ಬಂದಿಲ್ಲ.