ಜಿ.ಡಿ. ನಾಯ್ಡು

ಕೊಯಮತ್ತೂರಿನ ಹತ್ತಿರ ಸೂಲೂರು ಎಂಬ ಊರಿದೆ. ಅದರ ಸಮೀಪದ ಕಲಂಗಲ್ ಹಳ್ಳಿಯಲ್ಲಿ 1893ರ ಮಾರ್ಚ್ 23ರಂದು ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಜನಿಸಿದರು. ಇವರ ತಂದೆ ರೈತರು. ಬಾಲಕ ದೊರೈಸ್ವಾಮಿಗೆ ಶಾಲೆಯ ಪಾಠ ರುಚಿಸಲಿಲ್ಲ. ಪ್ರಾಥಮಿಕ ತರಗತಿಗಳಲ್ಲಿಯೇ ಓದು ನಿಂತುಹೋಯಿತು. ಹಾಗೆಂದು ಅವರು ಪುಸ್ತಕವನ್ನು ಬಿಟ್ಟರೆಂದು ತಿಳಿಯಬೇಡಿ. ಹೊಲದ ಕೆಲಸದ ನಡುವೆ ತಮಿಳು ಪುಸ್ತಕಗಳನ್ನು ಓದುತ್ತಿದ್ದರು.

ಒಂದು ದಿನ ಆ ಹಳ್ಳಿಗೆ ಆಂಗ್ಲ ಅಧಿಕಾರಿಯೊಬ್ಬರು ಮೋಟಾರ್ ಸೈಕಲ್ ಏರಿ ಬಂದರು. ಎತ್ತು ಇಲ್ಲ, ಕುದುರೆ ಇಲ್ಲ. ಗಾಡಿ ತಾನಾಗಿಯೇ ಓಡುತ್ತಿದೆ! ಅದು ಹೇಗೆ ಓಡುತ್ತದೆ ಎಂದು ತಿಳಿಯುವವರೆಗೆ ನಾಯ್ಡು ಅವರಿಗೆ ಸಮಾಧಾನವಿರಲಿಲ್ಲ. ಕೊಯಮತ್ತೂರಿಗೆ ಹೋಗಿ ಹೋಟೆಲಿನಲ್ಲಿ ಸರ್ವರ್ ಕೆಲಸಕ್ಕೆ ಸೇರಿದರು. ಸುಮಾರು ಮೂರು ವರ್ಷ ಹಣ ಕೂಡಿಟ್ಟು ಮೋಟಾರ್ ಸೈಕಲ್ ಕೊಂಡರು. ಅದನ್ನು ಭಾಗ ಭಾಗವಾಗಿ ಬಿಚ್ಚಿದರು, ಮತ್ತೆ ಜೋಡಿಸಿದರು. ಯಂತ್ರವಿದ್ಯೆಯಲ್ಲಿ ಅವರಿಗೆ ಮೊದಲ ಗುರು ಆ ಗಾಡಿಯೇ.

1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದು ಬಸ್ಸನ್ನು ಓಡಿಸತೊಡಗಿದರು. ಒಂದು ಬಸ್ಸು ಹಲವು ಬಸ್ಸುಗಳಾದವು.

ಕೊಯಮತ್ತೂರು ಸೀಮೆಯ ಬಾವಿಗಳು ಬಹಳ ಆಳ. ರೈತರು ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದರು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ ಬಂದಿತು. ವಿದ್ಯುತ್ ಬಂದರೆ ಸಾಕೇ? ನೀರೆತ್ತಲು ಮೋಟಾರು ಬೇಕಲ್ಲವೇ? 1937ರಲ್ಲಿ ನಾಯ್ಡು ಅವರು ಡಿ. ಬಾಲಸುಂದರಂ ನಾಯ್ಡು ಅವರೊಂದಿಗೆ ಸೇರಿ ವಿದ್ಯುತ್ ಮೋಟಾರನ್ನು ತಯಾರಿಸಿದರು. ಭಾರತದಲ್ಲಿಯೇ ತಯಾರಾದ ಮೊದಲ ವಿದ್ಯುತ್ ಮೋಟಾರು ಎಂದು ಅದು ಹೆಸರಾಯಿತು. ಮುಂದೆ ಕೊಯಮತ್ತೂರು ಮೋಟಾರು ಪಂಪುಗಳಿಗೆ ದೇಶದಲ್ಲೆಲ್ಲ ಪ್ರಸಿದ್ಧವಾಯಿತು.

ಯಂತ್ರಗಳೇನೋ ಬಂದವು. ಅವುಗಳನ್ನು ಬಲ್ಲ ಯುವಕರು ಎಲ್ಲಿದ್ದಾರೆ? ಇದೇ ನಾಯ್ಡು ಅವರ ಚಿಂತೆಯಾಗಿತ್ತು. ಅವರ ಪ್ರಯತ್ನದಿಂದ 1945ರಲ್ಲಿ ಕೊಯಮತ್ತೂರಿನಲ್ಲಿ ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಅವುಗಳಿಗೆ ಮದ್ರಾಸಿನ ಗವರ್ನರ್ ಆಗಿದ್ದ ಆರ್ಥರ್ ಹೋಪ್ ಅವರ ಹೆಸರನ್ನು ಇಡಲಾಯಿತು. ಶಾಲೆಯನ್ನು ಬಿಟ್ಟು ಹೋಗಿದ್ದ ಹುಡುಗನೇ ಕಾಲೇಜಿನ ಪ್ರಾಂಶುಪಾಲರಾದರು!

ಎಂಜಿನಿಯರಿಂಗ್ ಕಲಿಯಲು ನಾಲ್ಕು ವರ್ಷ ಬೇಡ, ಎರಡು ವರ್ಷ ಸಾಕು ಎಂಬುದು ನಾಯ್ಡು ಅವರ ವಾದ. ಸರ್ಕಾರ ಇದಕ್ಕೆ ಒಪ್ಪಲಿಲ್ಲ. ನಾಯ್ಡು ಅವರೂ ತಮ್ಮ ಮಾತನ್ನು ಬಿಡಲಿಲ್ಲ. ಕೊನೆಗೆ ತಾವೇ ಕಟ್ಟಿದ ಕಾಲೇಜಿನಿಂದ ಹೊರಬಂದರು. ಅವರ ವಾದವೆಲ್ಲ ಸರಿ ಎನ್ನಲಾಗದು. ಸೇತುವೆ ಕಟ್ಟುವವರಿಗೆ ಗಣಿತ ಚೆನ್ನಾಗಿ ಬರಬೇಕು. ಅದಕ್ಕೆ ಕಾಲ ಬೇಕು. ಆದರೆ ಸ್ಪ್ಯಾನರ್ ಹಿಡಿಯದೆ ಬರೀ ಬಾಯಿಪಾಠ ಮಾಡಿದವರು ಕೆಟ್ಟುನಿಂತ ಪಂಪಿನ ಮುಂದೆ ಏನು ಮಾಡಿಯಾರು? ಆ ಕಾಲೇಜು ಈಗ ಸರ್ಕಾರಿ ತಾಂತ್ರಿಕ ಕಾಲೇಜು ಎಂಬ ಹೆಸರಿನಿಂದ ತಡಾಗಂ ರಸ್ತೆಯಲ್ಲಿ ನಡೆಯುತ್ತಿದೆ.

ನಾಯ್ಡು ಅವರು ಸುಮ್ಮನೆ ಕೂಡಲಿಲ್ಲ. ಕ್ಷೌರದ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಹಣ್ಣಿನ ರಸ ತೆಗೆಯುವ ಯಂತ್ರ ಹೀಗೆ ಅವರು ರೂಪಿಸಿದ ವಸ್ತುಗಳು ಅನೇಕ. 1967ರಲ್ಲಿ ಕೈಗಾರಿಕಾ ವಸ್ತುಪ್ರದರ್ಶನವನ್ನು ಸ್ಥಾಪಿಸಿದರು. 1974ರ ಜನವರಿ 4ರಂದು ನಿಧನರಾದರು.

ಅವಿನಾಶಿ ರಸ್ತೆಯಲ್ಲಿ ಅವರ ವಸ್ತುಸಂಗ್ರಹಾಲಯವಿದೆ. ಅದೇ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಉದ್ದದ ಮೇಲ್ಸೇತುವೆಯೊಂದು 2025ರಲ್ಲಿ ತೆರೆಯಿತು. ಅದಕ್ಕೂ ಜಿ.ಡಿ. ನಾಯ್ಡು ಅವರ ಹೆಸರನ್ನೇ ಇಟ್ಟಿದ್ದಾರೆ.