ಎದೆಯ ಸದ್ದಿಗೆ ಕಿವಿಗೊಟ್ಟ ಲೆನೆಕ್

ಮಕ್ಕಳೇ, ನೀವು ಬೀದರ್‌ನ ಬ್ರಿಮ್ಸ್ ಆಸ್ಪತ್ರೆಗೋ, ಭಾಲ್ಕಿ ಇಲ್ಲವೇ ಔರಾದ್‌ನ ತಾಲ್ಲೂಕು ಆಸ್ಪತ್ರೆಗೋ ಹೋಗಿದ್ದೀರಾ? ಕೆಮ್ಮು ಎಂದರೆ ಸಾಕು, ವೈದ್ಯರು ಸ್ಟೆತೊಸ್ಕೋಪನ್ನು ನಿಮ್ಮ ಎದೆಗಿಟ್ಟು ಆಲಿಸುತ್ತಾರೆ. ಔಷಧಿ ಬರೆಯುವುದು ಆಮೇಲೆ. ಈ ಸಾಧನವನ್ನು ಕಂಡುಹಿಡಿದವರು ಫ್ರಾನ್ಸ್ ದೇಶದ ವೈದ್ಯ ರೆನೆ ಲೆನೆಕ್.

ಲೆನೆಕ್ ಹುಟ್ಟಿದ್ದು 1781ರಲ್ಲಿ. ಐದು ವರ್ಷದ ಹುಡುಗನಿದ್ದಾಗಲೇ ತಾಯಿ ತೀರಿಕೊಂಡರು. ವೈದ್ಯರಾಗಿದ್ದ ಚಿಕ್ಕಪ್ಪನ ಆಸರೆಯಲ್ಲಿ ಬೆಳೆದ ಅವರು ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದಿದರು.

ಆಗ ವೈದ್ಯರು ರೋಗಿಯ ಎದೆಯನ್ನು ಬೆರಳಿನಿಂದ ತಟ್ಟಿ ಅಥವಾ ನೇರವಾಗಿ ಕಿವಿಯಿಟ್ಟು ಪರೀಕ್ಷಿಸುತ್ತಿದ್ದರು. 1816ರಲ್ಲಿ ಲೆನೆಕ್ ಬಳಿಗೆ ಹೃದಯದ ತೊಂದರೆಯಿದ್ದ ಯುವತಿಯೊಬ್ಬಳು ಬಂದಳು. ಮೈ ದಪ್ಪವಿದ್ದುದರಿಂದ ತಟ್ಟಿದರೆ ಏನೂ ತಿಳಿಯಲಿಲ್ಲ. ಎದೆಗೆ ಕಿವಿಯಿಡಲು ಸಂಕೋಚ. ಘನವಸ್ತುವಿನ ಮೂಲಕ ಶಬ್ದ ಚೆನ್ನಾಗಿ ಸಾಗುತ್ತದೆಂಬುದು ಅವರಿಗೆ ನೆನಪಾಯಿತು. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುತ್ತಿ, ಒಂದು ತುದಿಯನ್ನು ಎದೆಗೂ ಇನ್ನೊಂದನ್ನು ಕಿವಿಗೂ ಇಟ್ಟರು. ಹೃದಯದ ಬಡಿತ ಸ್ಪಷ್ಟವಾಗಿ ಕೇಳಿಸಿತು! ಹಳೆಯ ನೋಟ್‌ಬುಕ್ಕಿನ ಹಾಳೆ ಸುತ್ತಿ ಗೆಳೆಯನ ಎದೆಗಿಟ್ಟು ನೀವೂ ಕೇಳಿ ನೋಡಿ.

ಕೊಳಲೂದುತ್ತಿದ್ದ ಲೆನೆಕ್ ಮುಂದೆ ಮರದ ಕೊಳವೆಗಳನ್ನು ತಾವೇ ಕಡೆದು ಮಾಡಿಕೊಂಡರು. ಆದರೆ ಕೊಳವೆಗಿಂತ ದೊಡ್ಡದು ಅದರ ನಂತರದ ಕೆಲಸ. ಯಾವ ರೋಗಿಯ ಎದೆಯಲ್ಲಿ ಎಂಥ ಸದ್ದು ಎಂದು ಬರೆದಿಟ್ಟರು. ರೋಗಿ ತೀರಿಕೊಂಡರೆ ದೇಹವನ್ನು ತೆರೆದು, ಶ್ವಾಸಕೋಶದಲ್ಲಿ ನಿಜಕ್ಕೂ ಏನಾಗಿತ್ತೆಂದು ಹೋಲಿಸಿ ನೋಡಿದರು. 1819ರಲ್ಲಿ ಇದೆಲ್ಲ ಪುಸ್ತಕವಾಯಿತು.

ರೋಗ ಎಲ್ಲಿದೆ, ಏಕೆ ಬಂತು ಎಂದು ಮೊದಲು ತಿಳಿಯುವ ಈ ದಾರಿ ಗೊರಕೆಗೂ ಬೇಕು. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ಕೆಲವರಿಗೆ ಮಾತ್ರ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ. ಇದಕ್ಕೆ ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಇದನ್ನು ಗುರುತಿಸಲು ಸ್ಟೆತೊಸ್ಕೋಪ್ ಸಾಲದು. ರಾತ್ರಿ ಮಲಗಿದ್ದಾಗ ಉಸಿರಾಟವನ್ನೂ ರಕ್ತದ ಆಮ್ಲಜನಕವನ್ನೂ ಅಳೆಯುವ ನಿದ್ರಾ ಪರೀಕ್ಷೆ ಬೇಕು. ಮಕ್ಕಳಲ್ಲಿ ಊದಿದ ಟಾನ್ಸಿಲ್ ಕಾರಣವಾಗಿದ್ದರೆ ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ಸಲ ಗುಣವಾಗುತ್ತದೆ. ಅನೇಕ ದೊಡ್ಡವರಿಗೆ ಗಾಳಿ ಊದುವ ಮುಖವಾಡವೇ ಸಾಕು. ಮೆದುಳೇ ಉಸಿರಾಡಲು ಸೂಚನೆ ಕೊಡದಿದ್ದರೆ? ಗಂಟಲು ಕೊಯ್ದು ಏನೂ ಪ್ರಯೋಜನವಿಲ್ಲ! ಅದಕ್ಕೇ ಪರೀಕ್ಷೆ ಮೊದಲು.

ಲೆನೆಕ್ ಅವರ ಆರೋಗ್ಯ ಮಾತ್ರ ಹದಗೆಡುತ್ತಲೇ ಹೋಯಿತು. ಒಮ್ಮೆ ಸಂಬಂಧಿಯಾದ ಯುವ ವೈದ್ಯ ಮೆರಿಯಾಡೆಕ್‌ಗೆ ತಮ್ಮದೇ ಎದೆಯನ್ನು ಕೊಳವೆಯಿಂದ ಪರೀಕ್ಷಿಸಲು ಹೇಳಿದರು. ಕೇಳಿಸಿದ್ದು ಕ್ಷಯರೋಗದ ಸದ್ದು. ಅದು ಏನೆಂದು ಲೆನೆಕ್‌ಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? 1826ರ ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ತಮ್ಮ ಸ್ಟೆತೊಸ್ಕೋಪನ್ನು ಮೆರಿಯಾಡೆಕ್‌ಗೆ ಬಿಟ್ಟುಹೋಗಿದ್ದರು.