ದೀಪ ಹಿಡಿದ ತಾಯಿ ಚರಂಡಿಯನ್ನೂ ನೋಡಿದರು



ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರು ನೀವೆಲ್ಲ ಶಾಲೆಯಲ್ಲೇ ಕೇಳಿರ್ತೀರಿ. ಕೈಯಲ್ಲಿ ದೀಪ ಹಿಡ್ಕೊಂಡು ರಾತ್ರಿ ಹೊತ್ತು ಗಾಯಾಳು ಸೈನಿಕರ ಮಧ್ಯೆ ಓಡಾಡೋ ಚಿತ್ರವನ್ನೂ ನೋಡಿರ್ತೀರಿ. ಅವರು ಹುಟ್ಟಿದ ಮೇ 12ನ್ನು ಲೋಕವೆಲ್ಲ ನರ್ಸ್‌ಗಳ ದಿನ ಅಂತ ಆಚರಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ನಾನು ಇಲ್ಲಿ ಅವರ ಬದುಕಿನ ಇನ್ನೊಂದು ಭಾಗ ಹೇಳ್ತೀನಿ. ಅದರಲ್ಲಿ ಕಸ ಇದೆ, ಕಕ್ಕಸು ಇದೆ, ನೀರಿನ ಪೈಪು, ಕಿಟಕಿ, ಬಟ್ಟೆ ಕುದಿಸೋ ಹಂಡೆ ಇದೆ. ಅಂದರೆ ನಮ್ಮ ಕೇರಿಯಿಂದ ಆಸ್ಪತ್ರೆಗೆ ಕೆಲಸಕ್ಕೆ ಹೋಗೋರು ದಿನಾ ಮುಟ್ಟೋ ವಸ್ತುಗಳೆಲ್ಲ ಇವೆ. ಅದಕ್ಕೇ ಈ ಕಥೆ ನಮಗೆ ಬೇಕು.

ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ತಂದೆ ತಾಯಿ ಇಂಗ್ಲೆಂಡಿನ ಭಾರಿ ಶ್ರೀಮಂತರು. ಮಗಳು ರೋಗಿಗಳ ಸೇವೆಗೆ ಹೋಗ್ತೀನಿ ಅಂದಾಗ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತು. ಯಾಕೆ ಗೊತ್ತಾ? ಆ ಕಾಲದ ಇಂಗ್ಲೆಂಡಿನಲ್ಲಿ ಆಸ್ಪತ್ರೆ ಕೆಲಸ ಅಂದರೆ ಕೀಳು ಕೆಲಸ. ಬೇರೆ ದಾರಿ ಇಲ್ಲದ ಬಡ ಹೆಂಗಸರು ಮಾಡೋ ಕೆಲಸ. ಕೆಲಸವನ್ನು ನೋಡಿ ಮನುಷ್ಯರನ್ನ ಅಳೆಯೋ ರೋಗ ಅಲ್ಲೂ ಇತ್ತು. ಅಲ್ಲಿ ಅದಕ್ಕೆ ಬಡತನ ಕಾರಣ, ಇಲ್ಲಿ ಜಾತಿ ಕಾರಣ.

ವರ್ಷಗಟ್ಟಲೆ ಜಗಳ ಆಡಿ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿಗೆ ಹೋಗಿ ಮೂರು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು. ಅಲ್ಲಿ ಅವರು ಮೊದಲು ಕೇಳಿದ್ದು ಏನನ್ನ ಅಂತೀರಿ? ಪ್ರತಿ ಮಹಡಿಗೂ ಬಿಸಿನೀರಿನ ಪೈಪು ಬೇಕು, ಅಡುಗೆ ಮನೆಯಿಂದ ಊಟ ಮೇಲಕ್ಕೆ ಎತ್ತೋಕೆ ಒಂದು ಲಿಫ್ಟು ಬೇಕು, ಯಾವ ರೋಗಿ ಕರೀತಿದ್ದಾರೆ ಅಂತ ತಿಳಿಯೋ ಹಾಗೆ ಗಂಟೆ ಬೇಕು. ನೀರು ಹೊತ್ತು ಮೆಟ್ಟಿಲು ಹತ್ತಿ ಇಳಿದು ಸುಸ್ತಾದ ಹೆಣ್ಣುಮಗಳು ರೋಗಿಯನ್ನ ಹೇಗೆ ನೋಡ್ಕೋತಾಳೆ ಅನ್ನೋದು ಅವರ ಲೆಕ್ಕ. ಕೆಲಸ ಮಾಡೋರ ಮೈಕೈ ನೋವನ್ನ ಕಟ್ಟಡದ ಲೆಕ್ಕದೊಳಗೆ ಸೇರಿಸಿದರು.

ಮುಂದಿನ ವರ್ಷ ಕ್ರಿಮಿಯ ಯುದ್ಧ. 1854ರ ನವೆಂಬರಿನಲ್ಲಿ 38 ಮಂದಿ ನರ್ಸ್‌ಗಳ ಜೊತೆ ಇಸ್ತಾಂಬುಲ್ ಎದುರಿನ ಸ್ಕುಟಾರಿ ಆಸ್ಪತ್ರೆಗೆ ಬಂದರು. ಅದು ಸೈನಿಕರ ಬ್ಯಾರಕ್ಕು, ಹೆಸರಿಗೆ ಮಾತ್ರ ಆಸ್ಪತ್ರೆ. ಕಟ್ಟಡದ ಕೆಳಗೆ ಮಲದ ಗುಂಡಿಗಳು, ಕಟ್ಟಿಕೊಂಡ ಮೋರಿಗಳು, ಮುಚ್ಚಿದ ಕಿಟಕಿಗಳು, ಇಲಿ, ಹೇನು. ಗುಂಡು ತಗುಲಿ ಸತ್ತವರಿಗಿಂತ ಕಾಲರಾ, ಭೇದಿ, ಜ್ವರದಿಂದ ಸತ್ತವರೇ ಜಾಸ್ತಿ. ನೈಟಿಂಗೇಲ್ ನೆಲ ಉಜ್ಜೋ ಬ್ರಷ್ ತರಿಸಿದರು. ಒಂದು ಮನೆ ಬಾಡಿಗೆಗೆ ಹಿಡಿದು, ಹಂಡೆ ಹೂಡಿಸಿ, ಸೈನಿಕರ ಹೆಂಡತಿಯರಿಗೆ ಬಟ್ಟೆ ಒಗೆಯೋ ಕೆಲಸ ಕೊಟ್ಟರು. ಹಾಳುಬಿದ್ದ ವಾರ್ಡುಗಳನ್ನ ರಿಪೇರಿ ಮಾಡಿಸೋಕೆ ಕೂಲಿಯಾಳುಗಳನ್ನ ಹಿಡಿದರು.

ಇಷ್ಟಾದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಆಸ್ಪತ್ರೆ ಸೇರಿದ ನೂರಕ್ಕೆ 42 ಮಂದಿ ಸಾಯ್ತಿದ್ದರು. ಶುಶ್ರೂಷೆ ಒಂದೇ ಸಾಲಲಿಲ್ಲ. ಮಾರ್ಚಿನಲ್ಲಿ ಲಂಡನ್ನಿನಿಂದ ನೈರ್ಮಲ್ಯ ಆಯೋಗ ಬಂತು. ಡಾಕ್ಟರ್ ಸದರ್ಲ್ಯಾಂಡ್, ಇಂಜಿನಿಯರ್ ರಾಲಿನ್ಸನ್ ಅದರಲ್ಲಿದ್ದರು. ಮೋರಿ ತೊಳೆಸಿದರು, ಕಿಟಕಿ ತೆರೆಸಿದರು, ಗೋಡೆಗೆ ಸುಣ್ಣ ಹೊಡೆಸಿದರು, ನೀರು ಬರೋ ದಾರಿ ಶುದ್ಧ ಮಾಡಿಸಿದರು. ಮೊದಲ ಎರಡು ವಾರದಲ್ಲೇ ಐನೂರಕ್ಕೂ ಹೆಚ್ಚು ಕೈಗಾಡಿ, ಬುಟ್ಟಿ ಕಸ ಹೊರಗೆ ಹೋಯಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

ಈಗ ನೀವೇ ಹೇಳಿ, ಆ ಗಾಡಿ ಎಳೆದವರು ಯಾರು? ಆ ಮೋರಿಗೆ ಇಳಿದವರು ಯಾರು? ನೈಟಿಂಗೇಲ್ ಹೆಸರು ಉಳಿದಿದೆ, ಆಯೋಗದವರ ಹೆಸರೂ ಉಳಿದಿದೆ. ಕಸ ಎತ್ತಿದವರ ಹೆಸರು ನಮ್ಮ ಪಾಠದ ಪುಸ್ತಕಗಳಲ್ಲಿ ಇಲ್ಲ. ಜೀವ ಉಳಿಸಿದ ಕೈಗಳಲ್ಲಿ ಅವರ ಕೈಯೂ ಇತ್ತು.

ಊರಿಗೆ ವಾಪಸ್ ಬಂದ ಮೇಲೆ ನೈಟಿಂಗೇಲ್ ಸುಮ್ಮನೆ ಕೂರಲಿಲ್ಲ. ಕಾಯಿಲೆಯಿಂದ ಹಾಸಿಗೆ ಹಿಡಿದರೂ ಅಂಕಿ ಅಂಶ ಕೂಡಿಹಾಕಿದರು, ಬಣ್ಣದ ನಕ್ಷೆ ಬರೆದು ಸಾವಿನ ಕಾರಣಗಳನ್ನ ಸರ್ಕಾರದ ಮುಂದೆ ಇಟ್ಟರು. ಗಾಳಿ ಬೆಳಕು ಆಡೋ ವಾರ್ಡು, ಎರಡೂ ಕಡೆ ಕಿಟಕಿ, ತೊಳೆಯೋಕೆ ಸುಲಭವಾದ ನೆಲ ಇರೋ ಆಸ್ಪತ್ರೆ ಹೇಗೆ ಕಟ್ಟಬೇಕು ಅಂತ 1859ರಲ್ಲಿ ಪುಸ್ತಕ ತಂದರು. ರೋಗ ಹರಡೋದು ಕೆಟ್ಟ ಗಾಳಿಯಿಂದ ಅಂತ ಬಹಳ ಕಾಲ ನಂಬಿದ್ದರು, ಅದು ತಪ್ಪು. ಆದರೆ ಅವರು ಮಾಡಿಸಿದ ಕೆಲಸ ಸರಿಯಾಗಿತ್ತು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತರಬೇತಿ ಶಾಲೆ ಶುರುವಾಯಿತು. ಕಲಿಯೋಕೆ ಬಂದ ಹೆಣ್ಣುಮಕ್ಕಳಿಗೆ ಊಟ, ವಸತಿ, ಸಮವಸ್ತ್ರದ ಜೊತೆ ವರ್ಷಕ್ಕೆ 10 ಪೌಂಡ್ ಕೈಗೂ ಸಿಗುತ್ತಿತ್ತು. ಇದನ್ನ ಗಮನಿಸಿ. ಕೀಳು ಅನ್ನಿಸಿಕೊಂಡಿದ್ದ ಕೆಲಸವನ್ನ ಮೇಲೆತ್ತಿದ್ದು ಬರೀ ಹೊಗಳಿಕೆಯಿಂದ ಅಲ್ಲ. ಕಲಿಸಿದರು, ಕಲಿಯುವಾಗಲೂ ದುಡ್ಡು ಕೊಟ್ಟರು.

ಅವರು ಒಂದು ಸಲವೂ ಭಾರತಕ್ಕೆ ಬರಲಿಲ್ಲ. ಆದರೂ ಇಲ್ಲಿನ ದಂಡುಗಳಿಂದ ವರದಿ ತರಿಸಿಕೊಂಡು ನೀರು, ಚರಂಡಿಗಳ ಸ್ಥಿತಿ ಓದಿದರು. ಬೆಂಗಳೂರಿನ ಹಲಸೂರು ಕೆರೆಗೆ ಬಜಾರಿನ ಕೊಳಚೆ ಸೇರೋ ವಿಷಯವೂ ಅವರ ಗಮನಕ್ಕೆ ಬಂದಿತ್ತು. 1863ರ ವರದಿಯ ಪ್ರಕಾರ ಇಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯ್ತಿದ್ದರು. ಹತ್ತು ವರ್ಷದಲ್ಲಿ ಅದು 18ಕ್ಕೆ ಇಳಿಯಿತು. 1876-78ರ ದೊಡ್ಡ ಬರದಲ್ಲಿ, ನಮ್ಮ ಸೀಮೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ಇಲ್ಲಿನ ರೈತರಿಗೆ ನೀರಾವರಿ ಬೇಕು ಅಂತಲೂ ಬರೆದರು. ಕೊನೆಗಾಲದಲ್ಲಿ ಕಣ್ಣು ಹೋಯಿತು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ವಿಷಯ ಮುಚ್ಚಿಡಬಾರದು. ಅವರ ಶಾಲೆ ತರಬೇತಿ ಕೊಟ್ಟಿದ್ದು ನರ್ಸ್‌ಗಳಿಗೆ. ನೆಲ ಒರೆಸೋರಿಗೆ, ಬಟ್ಟೆ ಒಗೆಯೋರಿಗೆ, ಮೋರಿ ನೋಡೋರಿಗೆ ಅಂಥ ಗೌರವದ ಬಾಗಿಲು ತೆರೆಯಲಿಲ್ಲ. ನಮ್ಮ ದೇಶದಲ್ಲಂತೂ ಆ ಕೆಲಸವನ್ನ ಜಾತಿಯ ಲೆಕ್ಕದಲ್ಲಿ ನಮ್ಮವರ ತಲೆಗೇ ಕಟ್ಟಿದರು. ಹುಟ್ಟಿನಿಂದ ಬರೋ ಕೆಲಸಕ್ಕೆ ಕಲಿಯೋದೇನು ಅಂತ ಅಂದುಕೊಂಡರು.

ಹಿಂದೂಪುರದ ಜಿಲ್ಲಾ ಆಸ್ಪತ್ರೆಗಾಗಲಿ, ಕಲ್ಯಾಣದುರ್ಗದ ಆರ್.ಡಿ.ಟಿ. ಆಸ್ಪತ್ರೆಗಾಗಲಿ ನೀವು ಹೋದಾಗ ಸ್ವಲ್ಪ ಸುತ್ತ ನೋಡಿ. ಡಾಕ್ಟರ್ ಬರೋಕೆ ಮುಂಚೆಯೇ ಎಷ್ಟು ಕೆಲಸ ಆಗಿರಬೇಕು! ನೆಲ ಒರೆಸಿರಬೇಕು, ಬೆಡ್‌ಶೀಟ್ ಒಗೆದಿರಬೇಕು, ಟ್ಯಾಂಕಿನಲ್ಲಿ ನೀರಿರಬೇಕು, ಜನರೇಟರ್ ಸಿದ್ಧ ಇರಬೇಕು, ಆಕ್ಸಿಜನ್ ಪೈಪಿನಲ್ಲಿ ಒತ್ತಡ ಸರಿ ಇರಬೇಕು. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಆಸ್ಪತ್ರೆಯಲ್ಲಿ ಬೆಂಕಿ ಬಿದ್ದು 10 ಹಸುಗೂಸುಗಳು ಸತ್ತವು. ಅದೇ ವರ್ಷ ಕೋವಿಡ್ ಎರಡನೇ ಅಲೆಯಲ್ಲಿ ಆಕ್ಸಿಜನ್ ಸಿಗದೆ ಜನ ಒದ್ದಾಡಿದ್ದನ್ನ ನಾವೆಲ್ಲ ಕಂಡಿದ್ದೀವಿ. ವೈರಿಂಗ್ ನೋಡೋನು, ಪೈಪು ನೋಡೋನು, ಕಸ ಎತ್ತೋಳು ಎಲ್ಲರೂ ಜೀವ ಕಾಯೋರೇ.

ಇದು ಕಲಿಯಬೇಕಾದ ವಿದ್ಯೆ. ಶುಚಿ ಇರೋ ಕಡೆಯಿಂದ ಕೊಳಕಿನ ಕಡೆಗೆ ಒರೆಸಬೇಕು, ತಿರುಗಿ ಒರೆಸಿದರೆ ರೋಗವನ್ನ ನಾವೇ ಹಂಚಿದ ಹಾಗೆ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಸಲೈನ್ ಟ್ಯೂಬು, ಗ್ಲೌಸು ಕೆಂಪಿಗೆ, ಸೂಜಿ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಇದನ್ನ ಹೇಳ್ತವೆ. ಈ ಕಸ ಮುಟ್ಟೋ ಪ್ರತಿಯೊಬ್ಬರಿಗೂ ತರಬೇತಿ ಕೊಡಬೇಕು, ಗ್ಲೌಸು, ಬೂಟು, ಮಾಸ್ಕು ಕೊಡಬೇಕು, ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು, ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕು ಅಂತಲೂ ಅದೇ ನಿಯಮಗಳು ಹೇಳ್ತವೆ. ಕಾಂಟ್ರಾಕ್ಟ್ ಕೆಲಸದವರು ಅಂದ ಮಾತ್ರಕ್ಕೆ ಇದು ತಪ್ಪೋದಿಲ್ಲ.

ಗೆಳೆಯರೇ, ಅಮ್ಮ ಆಸ್ಪತ್ರೆಯಲ್ಲಿ ಕಸ ಗುಡಿಸ್ತಾಳೆ ಅಂತ ಹೇಳೋಕೆ ಕಾಲೇಜಿನಲ್ಲಿ ತಲೆ ತಗ್ಗಿಸಬೇಡಿ. ಹಾಗಂತ ಆ ಪೊರಕೆ ಮಕ್ಕಳ ಕೈಗೂ ಬರಲೇಬೇಕು ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಐ.ಟಿ.ಐ.ನಲ್ಲಿ ಎಲೆಕ್ಟ್ರಿಷಿಯನ್, ಪ್ಲಂಬರ್, ಎ.ಸಿ. ಮೆಕ್ಯಾನಿಕ್ ಕಲಿತವರಿಗೂ ಆಸ್ಪತ್ರೆಯಲ್ಲಿ ಕೆಲಸ ಇದೆ, ಓದಿ ಮುಂದೆ ಬಂದವರಿಗೆ ಮೇಲ್ವಿಚಾರಣೆಯ ಕುರ್ಚಿಯೂ ಇದೆ. ಅಲ್ಲಿಗೂ ನಮ್ಮವರು ಹೋಗಬೇಕು.

ಈ ವಾರ್ಷಿಕೋತ್ಸವ ಮುಗಿದ ಮೇಲೆ ಸಂಘದವರು ಒಂದು ನೋಟ್‌ಬುಕ್ ಹಿಡಿದು ಮನೆಮನೆಗೆ ಹೋಗೋಣ. ಆಸ್ಪತ್ರೆ ಕೆಲಸಕ್ಕೆ ಹೋಗೋ ಎಲ್ಲರ ಹೆಸರು ಬರೆಯೋಣ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸೂ ಆಗಿದೆಯಾ, ಗ್ಲೌಸು ಸಿಗ್ತಿದೆಯಾ, ತರಬೇತಿ ಕೊಟ್ಟಿದ್ದಾರಾ ಅಂತ ಕೇಳೋಣ. ಇಲ್ಲ ಅಂದವರ ಪರವಾಗಿ ಒಂದು ಅರ್ಜಿ ಬರೆಯೋಣ. ಸ್ಕುಟಾರಿಯಲ್ಲಿ ಕಸ ಎತ್ತಿದವರ ಹೆಸರು ನಮಗೆ ಸಿಗಲಿಲ್ಲ. ನಮ್ಮ ಕೇರಿಯವರ ಹೆಸರಾದರೂ ಬರೆದಿಡೋಣ.